ನಿನ್ನ ಸಿನಿಮಾ

ಹಾಲಿನವಳು ಎರಡು ಸಲ ಕೂಗಿದಳು. ಒಳಗಿನಿಂದ ಉತ್ತರವಿಲ್ಲ. ಬಾಗಿಲು ಸುಮ್ಮನೆ ಮುಂದಕ್ಕೆ ಮಾಡಿತ್ತು. ತಳ್ಳಿದಳು. ದಕ್ಷಿಣಾಮೂರ್ತಿ ನೆಲದ ಮೇಲೆ ಅಂಗಾತ ಬಿದ್ದಿದ್ದರು. ತಲೆಯ ಹಿಂಭಾಗ ರುಬ್ಬುವ ಕಲ್ಲಿನ ಅಂಚಿಗೆ ಬಡಿದು ಒಡೆದಿತ್ತು. ಕಣ್ಣು ತೆರೆದೇ ಇದ್ದವು.

1987ರ ಜನವರಿ. ಸಂಕ್ರಾಂತಿ ಕಳೆದ ಮೂರನೇ ದಿನ, ಶನಿವಾರ, ಬೆಳಗ್ಗೆ ಎಂಟೂವರೆ. ಸಬ್ ಇನ್‌ಸ್ಪೆಕ್ಟರ್ ದುರ್ಗಾಪ್ರಸಾದ್ ಬರುವ ಹೊತ್ತಿಗೆ ವಿಜಯವಾಡದ ಒನ್ ಟೌನಿನ ಆ ಗಲ್ಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಗಟು ಅಂಗಡಿಗಳ ಹಮಾಲರು ಮೂಟೆ ಇಳಿಸಿ ನಿಂತಿದ್ದರು. ಸತ್ತವನು ಯಾರೆಂದು ಎಲ್ಲರಿಗೂ ಗೊತ್ತಿತ್ತು.

ಒಂದೇ ಕೋಣೆಯ ಮನೆ. ಒಂಟಿ ಮನುಷ್ಯನ ಸಂಸಾರ. ಮಂಚದ ಪಕ್ಕದಲ್ಲಿ ಎರಡು ಟೀ ಲೋಟ. ಒಂದು ಖಾಲಿ. ಇನ್ನೊಂದರಲ್ಲಿ ಟೀ ಹಾಗೇ ಇತ್ತು, ಮೇಲೆ ಕೆನೆ ಕಟ್ಟಿತ್ತು. ಬಂದವನಿಗೆ ಮೂರ್ತಿ ಟೀ ಕೊಟ್ಟಿದ್ದಾರೆ, ಅವನು ಮುಟ್ಟಿಲ್ಲ. ಗೋಡೆಯಲ್ಲಿ ಒಂದು ಮೊಳೆ. ಮೊಳೆಯ ಕೆಳಗೆ ನೆಲದ ಮೇಲೆ ಕನಕಾಂಬರದ ಹಾರ ಬಿದ್ದಿತ್ತು. ಹೂವು ಇನ್ನೂ ಬಾಡಿರಲಿಲ್ಲ. ಯಾವುದೋ ದೇವರ ಪಟಕ್ಕೆ ತಂದಿದ್ದಿರಬೇಕು ಎಂದುಕೊಂಡು ದುರ್ಗಾಪ್ರಸಾದ್ ಅದನ್ನು ದಾಟಿ ಮುಂದೆ ಹೋದ. ಪಟ ಎಲ್ಲಿ ಎಂದು ಕೇಳಿಕೊಳ್ಳುವ ವ್ಯವಧಾನ ಅವನಿಗೆ ಇರಲಿಲ್ಲ. ಹದಿನಾಲ್ಕು ವರ್ಷದ ಸರ್ವೀಸು, ಸಣ್ಣ ಪುಟ್ಟದ್ದೆಲ್ಲ ಕಣ್ಣಿಗೆ ಬೀಳುತ್ತದೆ ಎಂಬ ಜಂಬ ಬೇರೆ.

ಸತ್ತವರ ಜೇಬಿನಲ್ಲಿ ಒಂದು ಪುಟ್ಟ ನೋಟ್‌ಬುಕ್ ಸಿಕ್ಕಿತು.

ದಕ್ಷಿಣಾಮೂರ್ತಿಯ ಕೆಲಸ ವಿಚಿತ್ರದ್ದು. ಸಿನಿಮಾ ಗೆದ್ದಿತೋ ಬಿದ್ದಿತೋ ಎನ್ನುವುದಕ್ಕೆ ಆ ಊರಿನಲ್ಲಿ ಒಂದೇ ಮಾತು, ಟಾಕ್. ಮೊದಲ ದಿನ ಜನ ಆಡಿಕೊಳ್ಳುವ ಮಾತೇ ಟಾಕ್. ಅದನ್ನು ಹಿಡಿದು ಮದ್ರಾಸಿನ ನಿರ್ಮಾಪಕರಿಗೆ ಟ್ರಂಕ್ ಕಾಲ್ ಮಾಡಿ ಹೇಳುವವರು ಮೂರ್ತಿ. ಅವರು ಪರದೆಯ ಪಕ್ಕದ ಮೆಟ್ಟಿಲ ಮೇಲೆ ಪರದೆಗೆ ಬೆನ್ನು ಹಾಕಿ ಕೂರುತ್ತಿದ್ದರು. ಮೂವತ್ತು ವರ್ಷ ಕಥೆಯನ್ನು ಕಿವಿಯಲ್ಲಿ ಕೇಳಿಸಿಕೊಂಡು ಜನರ ಮುಖ ನೋಡಿದರೇ ಹೊರತು ಸಿನಿಮಾ ನೋಡಲಿಲ್ಲ. ನೋಡಿದರೆ ನನಗೂ ಒಂದು ಅಭಿಪ್ರಾಯ ಬಂದುಬಿಡುತ್ತದೆ, ಆಮೇಲೆ ನನ್ನ ಟಾಕನ್ನು ಯಾರು ನಂಬುತ್ತಾರೆ ಎನ್ನುತ್ತಿದ್ದರಂತೆ.

ಹಿಂದಿನ ದಿನ, ಶುಕ್ರವಾರ, ‘ಎರ್ರ ಫೈಲು’ ಬಿಡುಗಡೆಯಾಗಿತ್ತು. ದೊಡ್ಡ ಪಿತೂರಿಯ ಕಥೆ. ಸರ್ಕಾರವನ್ನೇ ಆಡಿಸುವ ಕಾಣದ ಕೈಗಳ ಹೆಸರೆಲ್ಲ ಒಂದು ಕೆಂಪು ಫೈಲಿನಲ್ಲಿದೆ, ಪತ್ರಕರ್ತನೊಬ್ಬ ಅದನ್ನು ಹುಡುಕುತ್ತಾನೆ. ಆರು ತಿಂಗಳಿಂದ ಊರಿನ ಗೋಡೆಗಳ ಮೇಲೆಲ್ಲ ಒಂದೇ ಪ್ರಶ್ನೆ: ಫೈಲಿನಲ್ಲಿ ಯಾರ ಹೆಸರಿದೆ? ನೋಟ್‌ಬುಕ್ಕಿನಲ್ಲಿ ಬೆಳಗಿನ ಆಟದ ಪುಟ ಪೂರ್ತಿಯಾಗಿತ್ತು.

‘ರೀಲು ಎರಡು. ಕಾಗದದ ಚೂರು ಹಾರಿತು, ಸಿಳ್ಳೆ ಬಿತ್ತು. ರೀಲು ಐದು. ಮಂತ್ರಿಯ ಮೇಲೆ ಅನುಮಾನ. ಮುಂದಿನ ಸಾಲಿನವನು ಮಂತ್ರಿ ಅಲ್ಲವೆಂದು ಪಕ್ಕದವನಿಗೆ ಹೇಳಿದ. ಕುತೂಹಲ ಇದೆ. ರೀಲು ಎಂಟು. ಸೋಡಾಕ್ಕೆ ಎದ್ದವರು ನಲವತ್ತು, ವಾಪಸು ಬಂದವರು ಇಪ್ಪತ್ತು. ರೀಲು ಒಂಬತ್ತು. ಪ್ರತಿಕ್ರಿಯೆ ಇಲ್ಲ. ರೀಲು ಹದಿನಾಲ್ಕು. ಫೈಲು ತೆರೆದರು. ಒಳಗೆ ಬಿಳಿ ಹಾಳೆ. ಪಿತೂರಿ ಮಾಡಿದವರು ನಾವೆಲ್ಲರೂ ಎಂದು ಹೀರೋ ಭಾಷಣ. ಅರ್ಧ ನಿಮಿಷ ನಿಶ್ಶಬ್ದ. ಆಮೇಲೆ ಒಬ್ಬ, ನಾನೇನು ಮಾಡಿದೆನಯ್ಯಾ, ದುಡ್ಡು ಕೊಟ್ಟು ಬಂದದ್ದು ಬಿಟ್ಟು, ಎಂದ. ಮೂರು ಚಪ್ಪಲಿ.’

ಮ್ಯಾಟಿನಿಯ ಪುಟ ಅರ್ಧಕ್ಕೇ ನಿಂತಿತ್ತು. ಕೊನೆಯ ಸಾಲು ಇಷ್ಟೇ: ‘ರೀಲು ಒಂಬತ್ತು. ಮಂಗಳಗಿರಿ.’ ಮುಂದೆಲ್ಲ ಖಾಲಿ.

* * *

ಮಹಡಿಯ ಮನೆಯಲ್ಲಿ ಕನ್ನಡದವರಿದ್ದರು. ಬ್ಯಾಂಕಿನ ಅಧಿಕಾರಿ ರಾಮಚಂದ್ರ, ಅವರ ಹೆಂಡತಿ ವಿಜಯಲಕ್ಷ್ಮೀ. ಹಾಸನದಿಂದ ವರ್ಗವಾಗಿ ಬಂದು ನಾಲ್ಕು ತಿಂಗಳು. ಗಂಡ ಸ್ನಾನದ ಮನೆಯಲ್ಲಿದ್ದಾಗ ಸದ್ದು ಕೇಳಿದವರು ಆಕೆ. ಆಕೆಗೆ ತೆಲುಗು ಸರಿಯಾಗಿ ಬರುವುದಿಲ್ಲ ಎಂದು ಕಾನ್‌ಸ್ಟೇಬಲ್ ಕೈ ಚೆಲ್ಲಿದ. ದುರ್ಗಾಪ್ರಸಾದ್ ಮೀಸೆಯಡಿ ನಕ್ಕ. ಅವನ ತಂದೆ ತೆನಾಲಿಯವರು, ತಾಯಿ ಶಾರದಾ ತುಮಕೂರಿನವಳು. ಠಾಣೆಯಲ್ಲಿ ಕನ್ನಡ ಬಲ್ಲವನು ಅವನೊಬ್ಬನೇ. ಅದು ಮನೆಯ ಕನ್ನಡ, ಊಟ ತಿಂಡಿಯ ಕನ್ನಡ. ಆದರೂ ತನಗೆ ಎರಡು ಭಾಷೆ ನೀರು ಕುಡಿದಷ್ಟು ಸಲೀಸು ಎಂದು ಅವನು ಎಲ್ಲರಿಗೂ ಹೇಳಿಕೊಂಡಿದ್ದ.

“ಏಳೂವರೆ ಇರ್ಬೇಕು ಸಾರ್,” ಎಂದರು ವಿಜಯಲಕ್ಷ್ಮೀ. “ಮೂರ್ತಿಗಳ ಧ್ವನಿ ಜೋರಾಗಿ ಕೇಳಿಸ್ತು. ಅವ್ರು ಯಾವತ್ತೂ ಜೋರಾಗಿ ಮಾತಾಡಿದವ್ರಲ್ಲ. ನಿನ್ನ ಸಿನಿಮಾ ನೋಡಿದೆ ಅಂದ್ರು. ಎರಡು ಸಲ ಅಂದ್ರು. ಆಮೇಲೆ ಏನೇನೋ ಅಂದ್ರು, ನಂಗೆ ಅರ್ಥ ಆಗ್ಲಿಲ್ಲ. ಆಮೇಲೆ ಏನೋ ಬಿದ್ದ ಸದ್ದು.”

“ನಿನ್ನ ಸಿನಿಮಾ ಅಂತಲೇ ಅಂದ್ರಾ?”

“ಹೌದು. ಆ ಮಾತು ಸ್ಪಷ್ಟವಾಗಿ ಕೇಳಿಸ್ತು. ನಿನ್ನ ಸಿನಿಮಾ ಅಂತಲೇ.”

ಬಂದವನ ಮುಖ ಆಕೆ ನೋಡಿರಲಿಲ್ಲ. ಬಿಳಿ ಶರ್ಟಿನ ಬೆನ್ನು ಗಲ್ಲಿಯ ತಿರುವಿನಲ್ಲಿ ಮರೆಯಾದದ್ದಷ್ಟೇ ಕಂಡಿತ್ತು. ದುರ್ಗಾಪ್ರಸಾದ್‌ಗೆ ಮುಖ ಬೇಕಾಗಿಯೂ ಇರಲಿಲ್ಲ. ಹೇಳಿಕೆಯನ್ನು ಅಲ್ಲೇ ಕೂತು ತೆಲುಗಿಗೆ ಇಳಿಸಿದ. ‘ನೀ ಸಿನಿಮಾ ಚೂಶಾನು’ ಎಂದು ಬರೆದು ಆ ಸಾಲಿನ ಕೆಳಗೆ ಗೆರೆ ಎಳೆದ. ‘ನಿನ್ನ ಸಿನಿಮಾ’ ಎಂದು ಯಾರಿಗೆ ಹೇಳುತ್ತಾರೆ? ಸಿನಿಮಾ ಮಾಡಿದವನಿಗೆ.

ಸಿನಿಮಾ ಮಾಡಿದವನ ಹೆಸರು ಶ್ರೀಕಂಠ. ಮೂವತ್ತೆರಡು ವರ್ಷ, ಮೊದಲ ಚಿತ್ರ. ಬಿಡುಗಡೆಗೆಂದು ವಿಜಯವಾಡಕ್ಕೆ ಬಂದು ಗಾಂಧಿನಗರದ ಹೋಟೆಲಿನಲ್ಲಿ ಇಳಿದಿದ್ದ. ಶುಕ್ರವಾರ ಸಂಜೆ ಥಿಯೇಟರಿನ ಅಂಗಳದಲ್ಲಿ, ನೂರು ಜನರೆದುರು, ಮೂರ್ತಿಯ ಅಂಗಿಯ ತೋಳು ಹಿಡಿದು ಜಗ್ಗಿದ್ದ. ನಾಲ್ಕು ವರ್ಷದ ಕೆಲಸವನ್ನು ಒಂದು ಟ್ರಂಕ್ ಕಾಲಿನಲ್ಲಿ ಮುಗಿಸಿಬಿಟ್ಟೆಯಲ್ಲಯ್ಯಾ ಎಂದು ಕೂಗಾಡಿದ್ದ. ಶನಿವಾರ ಬೆಳಗ್ಗೆ ಎಲ್ಲಿದ್ದೆ ಎಂದರೆ ಕೃಷ್ಣೆಯ ದಂಡೆಯ ಮೇಲೆ ಒಬ್ಬನೇ ಕೂತು ಅಳುತ್ತಿದ್ದೆ ಎಂದ. ನೋಡಿದವರು ಯಾರೂ ಇಲ್ಲ. ಅವನು ಹಾಕಿಕೊಂಡಿದ್ದದ್ದು ಬಿಳಿ ಶರ್ಟು.

ಮಧ್ಯಾಹ್ನದೊಳಗೆ ಶ್ರೀಕಂಠ ಠಾಣೆಯಲ್ಲಿದ್ದ.

* * *

ನಾನು ಆ ಮನೆಗೆ ಹೋಗೇ ಇಲ್ಲ, ಮೂರ್ತಿ ಎಲ್ಲಿರುತ್ತಾರೋ ನನಗೆ ಗೊತ್ತೇ ಇಲ್ಲ ಎಂದು ಶ್ರೀಕಂಠ ಹತ್ತು ಸಲ ಹೇಳಿದ. ಹನ್ನೊಂದನೇ ಸಲಕ್ಕೆ ದುರ್ಗಾಪ್ರಸಾದ್ ಕೈ ಎತ್ತಿದ. ಬಲಗೈಯ ಪೂರ್ತಿ ಏಟು, ಎಡ ಕಿವಿಯ ಮೇಲೆ. ಶ್ರೀಕಂಠ ಗೋಡೆಗೆ ಹೋಗಿ ಬಿದ್ದ. ಎದ್ದಾಗ ಕಿವಿಯಿಂದ ಒಂದೆಳೆ ರಕ್ತ ಇಳಿದಿತ್ತು.

“ಸಾಕ್ಷಿ ಇದೆ ಕಣಯ್ಯಾ,” ಎಂದ ದುರ್ಗಾಪ್ರಸಾದ್. “ಮೂರ್ತಿ ನಿನ್ನ ಸಿನಿಮಾ ನೋಡಿದೆ ಅಂತ ಹೇಳಿದ್ದು ಕೇಳಿಸಿಕೊಂಡಿದ್ದಾರೆ.”

ಶ್ರೀಕಂಠ ಕಿವಿಯ ಮೇಲೆ ಅಂಗೈ ಇಟ್ಟುಕೊಂಡು ಕೇಳಿದ. “ಆತ ಸಿನಿಮಾ ನೋಡೋದೇ ಇಲ್ಲವಲ್ಲ ಸಾರ್?”

ಒಳ್ಳೆಯ ಪ್ರಶ್ನೆ. ಪೊಲೀಸನಾದವನು ಅಲ್ಲೇ ನಿಲ್ಲಬೇಕಿತ್ತು. ದುರ್ಗಾಪ್ರಸಾದ್ ನಿಲ್ಲಲಿಲ್ಲ. ಎದುರು ಮಾತು ಎಂದುಕೊಂಡು ಲಾಕಪ್ಪಿನ ಬೀಗ ಹಾಕಿಸಿದ. ಭಾನುವಾರ ಮ್ಯಾಜಿಸ್ಟ್ರೇಟರ ಮನೆಗೆ ಕರೆದೊಯ್ದು ಕಸ್ಟಡಿಗೆ ತೆಗೆದುಕೊಂಡ. ‘ಮಂಗಳಗಿರಿ’ ಎಂಬ ಸಾಲಿನ ಬೆನ್ನು ಹತ್ತಿ ಒಬ್ಬ ಕಾನ್‌ಸ್ಟೇಬಲನ್ನು ಹತ್ತಿರದ ಮಂಗಳಗಿರಿ ಊರಿಗೂ ಅಟ್ಟಿದ. ಅವನು ದಿನವಿಡೀ ಸುತ್ತಿ, ಬೆಟ್ಟದ ಗುಡಿಯ ಪಾನಕವನ್ನು ಒಂದು ಬಾಟಲಿಯಲ್ಲಿ ತುಂಬಿಕೊಂಡು ಬಂದ. ಬೇರೆ ಏನೂ ತರಲಿಲ್ಲ.

ಪತ್ರಿಕೆಗಳು ಸುಮ್ಮನಿರುತ್ತವೆಯೇ? ಟಾಕ್ ಹೇಳಿದವನನ್ನು ಕೊಂದ ನಿರ್ದೇಶಕ ಎಂದು ಮುಖಪುಟದಲ್ಲೇ ಬಂತು. ಭಾನುವಾರ ಮ್ಯಾಟಿನಿಗೆ ಥಿಯೇಟರಿನ ಮುಂದೆ ಹೌಸ್‌ಫುಲ್ ಬೋರ್ಡು ಬಿತ್ತು. ಶುಕ್ರವಾರ ಚಪ್ಪಲಿ ಎಸೆದ ಜನವೇ ಮತ್ತೆ ಬಂದು, ಕೊಲೆಗಾರನ ತಲೆ ಹೀಗೆ ಓಡುತ್ತದೆ ನೋಡು ಎಂದು ಒಂದೊಂದು ಶಾಟನ್ನೂ ಮೆಚ್ಚಿಕೊಂಡರು. ಖಾಲಿ ಫೈಲಿಗೂ ಅರ್ಥ ಹುಟ್ಟಿತು.

* * *

ಸೋಮವಾರ ಮಧ್ಯಾಹ್ನ ದುರ್ಗಾಪ್ರಸಾದ್ ಮನೆಗೆ ಊಟಕ್ಕೆ ಬಂದ. ತಾಯಿ ಶಾರದಾ ಎಲೆ ಹಾಕಿ ಬಡಿಸಿದಳು. ಕೇಸಿನ ಸುದ್ದಿಗಿಂತ ಆಕೆಗೆ ಸಾಕ್ಷಿ ಹೇಳಿದ ಹಾಸನದ ಹೆಣ್ಣುಮಗಳ ಸುದ್ದಿ ಬೇಕಾಗಿತ್ತು. ಪಾಪ, ಭಾಷೆ ಬಾರದೆ ಹೇಗೆ ಸಂಸಾರ ಮಾಡುತ್ತಾಳೋ ಎಂದು ಮರುಗಿದಳು. ನಲವತ್ತು ವರ್ಷದ ಹಿಂದೆ ತಾನೂ ಹಾಗೇ ತೆನಾಲಿಗೆ ಬಂದಿಳಿದಿದ್ದಳು.

“ನಿಮ್ಮಜ್ಜಿ ದಿನಾ ಬೆಳಗ್ಗೆ ಒಂದು ಬಟ್ಟಲು ತೋರಿಸಿ, ನಿನ್ನ ವಂಡಿಂದಿ ಉಂದಿ, ತಿನು ಅಂತಿದ್ರು ಕಣೋ. ನಿನ್ನ ಅಂದ್ರೆ ನಿನ್ನದು ಅಂತಲೇ ನಾನು ತಿಳ್ಕೊಂಡಿದ್ದೆ. ಸೊಸೆಗೆ ಅಂತ ಬೇರೆ ಎತ್ತಿಟ್ಟಿದಾರೆ, ಎಷ್ಟು ಅಕ್ಕರೆ ಅಂತ ನಮ್ಮಮ್ಮಂಗೆ ಕಾಗದ ಬೇರೆ ಬರೆದೆ. ಆರು ತಿಂಗಳು ತಂಗಳನ್ನ ತಿಂದಿದೀನಿ.”

ದುರ್ಗಾಪ್ರಸಾದ್‌ನ ತುತ್ತು ಬಾಯಿಯ ಹತ್ತಿರವೇ ನಿಂತಿತು. ನಿನ್ನ ವಂಡಿಂದಿ. ನಿನ್ನೆ ಬೇಯಿಸಿದ್ದು. ತೆಲುಗಿನಲ್ಲಿ ನಿನ್ನ ಎಂದರೆ ನಿನ್ನೆ. ನಿನ್ನದು ಎನ್ನಲು ‘ನೀ’ ಎನ್ನಬೇಕು. ಹುಟ್ಟಿದಾಗಿನಿಂದ ದಿನಕ್ಕೆ ಹತ್ತು ಸಲ ಆಡುವ ಮಾತು.

ಅವನು ಕೈ ತೊಳೆಯದೆ ಎದ್ದ. ತಾಯಿ ಹಿಂದಿನಿಂದ ಕರೆದದ್ದು ಕೇಳಿಸಲಿಲ್ಲ. ನೇರವಾಗಿ ಒನ್ ಟೌನಿನ ಮಹಡಿ ಹತ್ತಿದ. ಮೂರ್ತಿ ಹೇಳಿದ್ದನ್ನು ಕನ್ನಡಕ್ಕೆ ತಿರುಗಿಸದೆ, ಕಿವಿಗೆ ಬಿದ್ದ ಹಾಗೇ ತೆಲುಗಿನಲ್ಲಿ ಹೇಳಿ ಎಂದು ವಿಜಯಲಕ್ಷ್ಮಿಯವರನ್ನು ಕೇಳಿದ. ಆಕೆ ಕಣ್ಣು ಮುಚ್ಚಿ ನೆನಪು ಮಾಡಿಕೊಂಡರು.

“ನಿನ್ನ ಸಿನಿಮಾ ಚೂಶಾನು.”

“ನೀ ಸಿನಿಮಾ ಅಂದ್ರೋ, ನಿನ್ನ ಸಿನಿಮಾ ಅಂದ್ರೋ?”

“ನೀ ಅಲ್ಲ ಸಾರ್. ನಿನ್ನ. ಅವತ್ತೂ ಅದನ್ನೇ ಹೇಳಿದ್ನಲ್ಲ?”

ಹೌದು, ಆಕೆ ಹೇಳಿದ್ದರು. ‘ಚೂಶಾನು’ ಎಂಬುದನ್ನು ನೋಡಿದೆ ಎಂದು ತಿರುಗಿಸಿದ್ದರು, ‘ನಿನ್ನ’ ಎಂಬುದನ್ನು ಇದ್ದ ಹಾಗೇ ಬಿಟ್ಟಿದ್ದರು. ತನ್ನ ಭಾಷೆಯ ಮಾತೇ ಎಂದುಕೊಂಡು ಬಿಟ್ಟಿದ್ದರು. ಅದನ್ನು ‘ನೀ’ ಎಂದು ಬರೆದು ಕೆಳಗೆ ಗೆರೆ ಎಳೆದವನು ಎರಡು ಭಾಷೆ ಬಲ್ಲ ಸಬ್ ಇನ್‌ಸ್ಪೆಕ್ಟರ್.

ಮೂರ್ತಿ ಹೇಳಿದ್ದು, ‘ನಿನ್ನೆ ಸಿನಿಮಾ ನೋಡಿದೆ.’ ಅಷ್ಟೇ.

ಅವನು ಮೆಟ್ಟಿಲು ಇಳಿದ. ಶ್ರೀಕಂಠ ಕೇಳಿದ ಪ್ರಶ್ನೆ ಈಗ ಎದೆಗೆ ಒದ್ದಿತು. ಮೂವತ್ತು ವರ್ಷ ಸಿನಿಮಾಕ್ಕೆ ಬೆನ್ನು ಹಾಕಿದ ಮನುಷ್ಯ ನಿನ್ನೆ ಯಾಕೆ ತಿರುಗಿ ನೋಡಿದ?

* * *

ಥಿಯೇಟರಿನ ಗೇಟ್‌ಕೀಪರ್ ಅಣ್ಣಪ್ಪನನ್ನು ಇಲ್ಲಿಯವರೆಗೆ ಯಾರೂ ವಿಚಾರಿಸಿರಲಿಲ್ಲ. ಅವನು ಕಾದು ಕೂತವನ ಹಾಗೆ ಹೇಳಿದ. ಶುಕ್ರವಾರ ಮ್ಯಾಟಿನಿಗೆ ಹೆಂಗಸರು ಜಾಸ್ತಿ. ಒಂಬತ್ತನೇ ರೀಲಿನಲ್ಲಿ ಕೊಲೆಯಾದ ಹುಡುಗಿಯೊಬ್ಬಳ ಫೋಟೋ ತೋರಿಸುತ್ತಾರೆ. ಆಗ ಮುಂದಿನ ಸಾಲಿನ ನೇಕಾರರ ಹೆಂಗಸೊಬ್ಬಳು, ಮಂಗಳಗಿರಿ ಸೀರೆ ನೋಡೇ, ಸೆರಗಿನ ಮೂರನೇ ಪಟ್ಟೆ ಅರ್ಧಕ್ಕೇ ನಿಂತಿದೆ, ಮಗ್ಗದವನಿಗೆ ಜರಿ ಮುಗಿದಿರಬೇಕು ಎಂದು ನಕ್ಕಳು. ಮೂರ್ತಿ ಬರೆದುಕೊಳ್ಳುತ್ತಿದ್ದವರು ಪೆನ್ನು ನಿಲ್ಲಿಸಿ ಪರದೆಯ ಕಡೆ ತಿರುಗಿದರು. ಫೋಟೋ ಹೋದಮೇಲೂ ತಿರುಗಿಯೇ ಕೂತಿದ್ದರು. ಮುಂದಿನ ಆಟಕ್ಕೆ ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡು ಎಲ್ಲರ ಹಾಗೆ ಸೀಟಿನಲ್ಲಿ ಕೂತರು. ಒಂಬತ್ತನೇ ರೀಲು ಮುಗಿದ ಕೂಡಲೇ ಎದ್ದು ಬಂದರು.

“ಸಿನಿಮಾದವರೆಲ್ಲ ಯಾವ ಹೋಟೆಲಿನಲ್ಲಿ ಇಳಿದಿದ್ದಾರೆ ಅಂತ ನನ್ನನ್ನು ಕೇಳಿದರು ಸಾರ್. ಮೈಯೆಲ್ಲ ಬೆವರಿತ್ತು.”

ದುರ್ಗಾಪ್ರಸಾದ್ ಮ್ಯಾಟಿನಿಗೆ ಒಳಗೆ ಹೋಗಿ ನಿಂತ. ಒಂಬತ್ತನೇ ರೀಲು ಬಂತು. ಹಾರ ಹಾಕಿದ ಫೋಟೋ, ಪರದೆಯ ತುಂಬ. ಸಮುದ್ರದ ಪಕ್ಕದ ಬಂಡೆಯ ಮೇಲೆ ಕೂತ ಹುಡುಗಿ. ಹಸಿರು ಸೀರೆ, ಕೆಂಪು ಅಂಚು. ಸೆರಗು ಗಾಳಿಗೆ ಹರಡಿತ್ತು. ಎರಡೂವರೆ ಪಟ್ಟೆ.

ಅಲ್ಲಿಂದ ಅವನು ಮತ್ತೆ ಮೂರ್ತಿಯ ಕೋಣೆಗೆ ಹೋದ. ಅಂತ್ಯಸಂಸ್ಕಾರಕ್ಕೆ ಬಂದಿದ್ದ ಮೂರ್ತಿಯ ಅಕ್ಕ ಲಕ್ಷ್ಮೀಕಾಂತಮ್ಮ ಗೋಡೆಗೆ ಒರಗಿ ಕೂತಿದ್ದರು. ಅವನು ಬಾಯಿ ತೆರೆಯುವ ಮೊದಲೇ ಆಕೆ ಮೊಳೆಯ ಕಡೆ ಕೈ ತೋರಿಸಿ, ನಮ್ಮ ಹುಡುಗಿಯ ಪಟ ಪೊಲೀಸಿನವರು ತೆಗೆದುಕೊಂಡು ಹೋದಿರಾ ಎಂದು ಕೇಳಿದರು.

ಪೊಲೀಸಿನವರು ತೆಗೆದುಕೊಂಡಿರಲಿಲ್ಲ.

ಮೂರ್ತಿಗೆ ಒಬ್ಬಳೇ ಮಗಳು, ಗಂಗಾಭವಾನಿ. ತಾಯಿಯಿಲ್ಲದ ಮಗು. ವಿಶಾಖಪಟ್ಟಣದ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ನಾಲ್ಕು ವರ್ಷದ ಹಿಂದೆ ಸಂಕ್ರಾಂತಿಗೆ ಊರಿಗೆ ಬರಲಿಲ್ಲ, ಪರೀಕ್ಷೆ ಇದೆ ಎಂದಳು. ಹಬ್ಬದ ಸೀರೆಯನ್ನು ತಂದೆಯೇ ಭಾನುವಾರ ಸಂಜೆ ಹಾಸ್ಟೆಲಿಗೆ ಒಯ್ದು ಕೊಟ್ಟು ಬಂದರು. ಮಂಗಳಗಿರಿಯ ಮಗ್ಗದ ಮನೆಯಲ್ಲೇ ಕೂತು ನೇಯಿಸಿದ ಸೀರೆ. ಜರಿ ಮುಗಿದು ಮೂರನೇ ಪಟ್ಟೆ ಅರ್ಧಕ್ಕೆ ನಿಂತಿತ್ತು. ಹಬ್ಬ ಕಳೆದೇ ಹೋಗಿತ್ತು, ಇನ್ನೂ ತಡವಾಗದಿರಲಿ ಎಂದು ಹಾಗೇ ಒಯ್ದರು. ಸೋಮವಾರ ಅವಳು ಅದನ್ನು ಉಟ್ಟು ಹೊರಗೆ ಹೋದಳು. ಮಂಗಳವಾರ ಸಮುದ್ರ ಅವಳನ್ನು ದಡಕ್ಕೆ ಹಾಕಿತು. ಒಬ್ಬಳೇ ಹೋಗಿ ಮುಳುಗಿದ್ದಾಳೆ, ಜೊತೆಗೆ ಯಾರನ್ನೂ ನೋಡಿದವರಿಲ್ಲ ಎಂದು ಅಲ್ಲಿಯ ಪೊಲೀಸರು ಕೇಸು ಮುಚ್ಚಿದರು.

“ಪೂರ್ತಿ ಪಟ್ಟೆ ಇರೋ ಸೀರೆ ಕೊಡಬೇಕಿತ್ತು ಅಂತ ನಾಲ್ಕು ವರ್ಷ ಅತ್ತ ಬಾಬೂ ನನ್ನ ತಮ್ಮ,” ಎಂದರು ಲಕ್ಷ್ಮೀಕಾಂತಮ್ಮ.

ಒಂದೇ ದಿನ ಉಟ್ಟ ಸೀರೆ. ಆ ಸೀರೆಯಲ್ಲಿ, ಆ ಸಮುದ್ರದ ಪಕ್ಕ, ಅವಳ ಫೋಟೋ ತೆಗೆದವನೊಬ್ಬನಿದ್ದಾನೆ. ಅವನು ಇಷ್ಟು ದಿನ ಬಾಯಿ ಬಿಟ್ಟಿಲ್ಲ.

ಲಾಕಪ್ಪಿನಲ್ಲಿ ಶ್ರೀಕಂಠನಿಗೆ ಪ್ರಶ್ನೆಯನ್ನು ಎರಡು ಸಲ ಕೇಳಬೇಕಾಯಿತು. ಆ ಫೋಟೋ ಎಲ್ಲಿಂದ ಬಂತು? ಅವನು ಬಲಗಿವಿಯನ್ನು ಮುಂದೆ ಮಾಡಿಕೊಂಡು ಉತ್ತರ ಕೊಟ್ಟ. ಯಾರಿಗೂ ಗೊತ್ತಿರದ ಮುಖ ಬೇಕು ಎಂದು ಕೇಳಿದ್ದೆ, ಸ್ಟಿಲ್ ಫೋಟೋಗ್ರಾಫರ್ ರಾಮಮೋಹನ್ ತಂದುಕೊಟ್ಟ. ಹಳೇ ಗಿರಾಕಿಯ ಫೋಟೋ ಎಂದ. ವಿಶಾಖಪಟ್ಟಣದವನು. ಬಿಡುಗಡೆಗೆ ನಮ್ಮ ಜೊತೆಗೇ ಬಂದಿದ್ದ, ಶನಿವಾರ ಬೆಳಗ್ಗೆ ರೈಲಿಗೆ ಹೋದ.

ದುರ್ಗಾಪ್ರಸಾದ್‌ಗೆ ಏನೋ ಹೇಳಬೇಕೆನಿಸಿತು. ಮೊದಲು ಆ ರಾಮಮೋಹನನನ್ನು ಹಿಡಿಯೋಣ ಎಂದುಕೊಂಡು ಹೊರಟ.

* * *

ಮಧುರವಾಡ ಆಗ ವಿಶಾಖಪಟ್ಟಣದ ಹೊರಗಿನ ಹಳ್ಳಿ. ಗೋಡಂಬಿ ತೋಪಿನ ಪಕ್ಕ ರಾಮಮೋಹನ್ ಹೊಸ ಮನೆ ಕಟ್ಟಿಸಿದ್ದ. ಮುಂದೆ ಸ್ಟುಡಿಯೋ, ಹಿಂದೆ ಹೆಂಡತಿ ಮಕ್ಕಳು. ಒಳ್ಳೆಯ ಮಾತುಗಾರ. ವಿಶಾಖಪಟ್ಟಣದ ಪೊಲೀಸರನ್ನು ಜೊತೆಗೆ ಕಂಡರೂ ಕುರ್ಚಿ ಹಾಕಿಸಿ ಉಪಚಾರ ಮಾಡಿದ. ಫೋಟೋ ಯಾರದೋ ನೆನಪಿಲ್ಲ ಎಂದ. ಸಾವಿರ ಜನ ಬರುತ್ತಾರೆ, ಹೆಸರು ಯಾರು ಇಟ್ಟುಕೊಳ್ಳುತ್ತಾರೆ ಎಂದ. ಮೂರ್ತಿಯ ಹೆಸರು ಪೇಪರಿನಲ್ಲಿ ಓದಿದೆ ಎಂದ.

ದುರ್ಗಾಪ್ರಸಾದ್ ಈ ಸಲ ಕೈ ಎತ್ತಲಿಲ್ಲ. ಡಾರ್ಕ್‌ರೂಮಿನ ಕಪಾಟು ತೆಗೆಸಿದ. ಫೋಟೋಗ್ರಾಫರ್ ಏನನ್ನು ಎಸೆದರೂ ನೆಗೆಟಿವ್ ಎಸೆಯುವುದಿಲ್ಲ. ಅದು ಆ ಕಸುಬಿನ ರೂಢಿ. ಒಂದೊಂದು ಕವರಿನ ಮೇಲೂ ಹೆಸರು, ತಾರೀಖು. ಎರಡು ಗಂಟೆ ಹುಡುಕಿದ ಮೇಲೆ ಅದು ಸಿಕ್ಕಿತು. ರಾಮಮೋಹನನ ಕೈಬರಹದಲ್ಲೇ ಇತ್ತು. ‘ಭವಾನಿ, 17-1-83.’

ಕಪಾಟಿನ ತಳದಲ್ಲಿ ಟವೆಲಿನಲ್ಲಿ ಸುತ್ತಿದ ಇನ್ನೊಂದು ವಸ್ತು ಇತ್ತು. ಗಾಜು ಒಡೆದ ಪಟ. ಲಂಗ ದಾವಣಿಯ ಹುಡುಗಿ, ಹಣೆಯ ಜಾಗದಲ್ಲಿ ಇನ್ನೂ ಕುಂಕುಮ ಅಂಟಿತ್ತು.

“ಹದಿನೇಳನೇ ತಾರೀಖು ಸೋಮವಾರ,” ಎಂದ ದುರ್ಗಾಪ್ರಸಾದ್. “ಹುಡುಗಿ ಒಬ್ಬಳೇ ಹೋದಳು ಅಂತ ಫೈಲು ಹೇಳುತ್ತದೆ. ಅವಳ ಜೊತೆ ನೀನಿದ್ದೆ ಅಂತ ನಿನ್ನ ಅಕ್ಷರ ಹೇಳುತ್ತಿದೆ. ಮೂರ್ತಿ ಪರದೆಯ ಮೇಲೆ ಸೀರೆ ನೋಡಿದರು. ಫೋಟೋ ತೆಗೆದವನು ಯಾರು ಅಂತ ಹೋಟೆಲಿನಲ್ಲಿ ವಿಚಾರಿಸಿ ನಿನ್ನನ್ನು ಮನೆಗೆ ಕರೆದರು. ನಿನ್ನ ಸಿನಿಮಾ ಚೂಶಾನು ಅಂದರು. ನಿನ್ನೆ ನೋಡಿದೆ ಅಂದರು. ನೀನು ಟೀ ಕುಡಿಯಲಿಲ್ಲ. ನಾಲ್ಕು ವರ್ಷದ ಹಿಂದಿನ ಆ ದಿನದ ನೆನಪಿಗೆ ಅಂತ ಅವರು ಪಟಕ್ಕೆ ಹಾಕಿದ್ದ ಹಾರ ಕಿತ್ತು, ಪಟ ಎತ್ತಿಕೊಂಡು ಬಂದೆ. ಸಿನಿಮಾದ ಮುಖವನ್ನೂ ಗೋಡೆಯ ಮುಖವನ್ನೂ ಯಾರಾದರೂ ಹೊಂದಿಸಿ ನೋಡಿಯಾರು ಅಂತ. ದಾರಿಯಲ್ಲಿ ಎಸೆಯೋಕೆ ಯಾಕೆ ಆಗಲಿಲ್ಲ?”

ರಾಮಮೋಹನ್ ಕುರ್ಚಿಯಲ್ಲಿ ಕುಸಿದ. ಎಸೆಯಲು ರೈಲಿನ ಬಾಗಿಲವರೆಗೂ ಹೋಗಿದ್ದೆ, ಕೈ ಬರಲಿಲ್ಲ ಎಂದ. ಆಮೇಲೆ ಉಳಿದದ್ದೆಲ್ಲ ತಾನಾಗಿ ಹೊರಗೆ ಬಂತು. ಮದುವೆಯಾಗುತ್ತೇನೆಂದು ಹುಡುಗಿಯನ್ನು ನಂಬಿಸಿದ್ದ. ಅವಳು ಹಬ್ಬಕ್ಕೆ ಊರಿಗೆ ಹೋಗದೆ ನಿಂತದ್ದೂ ಅವನಿಗಾಗಿ. ಆ ಸೋಮವಾರ ಹೊಸ ಸೀರೆಯಲ್ಲಿ ಫೋಟೋ ತೆಗೆದು, ತನಗೆ ಹೆಂಡತಿ ಇದ್ದಾಳೆಂದು ಹೇಳಿದ. ಅವಳು ಬಂಡೆಯಿಂದ ಇಳಿದು ನೀರಿನ ಕಡೆ ನಡೆದಳು. ಹಿಂತಿರುಗಿ ಬರುತ್ತಾಳೆ ಎಂದುಕೊಂಡು ಅವನು ಕ್ಯಾಮೆರಾ ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದ. ಮೂರ್ತಿ ಅವನನ್ನು ಬೈಯಲಿಲ್ಲವಂತೆ. ಅವಳು ಕೊನೆಗೆ ಏನು ಹೇಳಿದಳು, ಅದೊಂದು ಹೇಳು ಸಾಕು ಎಂದು ಅಂಗಿ ಹಿಡಿದರಂತೆ. ಬಿಡಿಸಿಕೊಳ್ಳಲು ತಳ್ಳಿದ್ದು, ಕಲ್ಲಿದ್ದದ್ದು ಕಾಣಲಿಲ್ಲ ಎಂದ.

“ಆ ಫೋಟೋ ಯಾಕೆ ಸಿನಿಮಾಕ್ಕೆ ಕೊಟ್ಟೆ? ನಿನ್ನ ಹತ್ತಿರ ಸಾವಿರ ಇತ್ತಲ್ಲ.”

ರಾಮಮೋಹನ್ ತಲೆ ತಗ್ಗಿಸಿಕೊಂಡೇ ಹೇಳಿದ. “ನಾನು ತೆಗೆದದ್ದರಲ್ಲಿ ಅದೇ ಚೆನ್ನಾಗಿರೋದು ಸಾರ್. ಯಾರೂ ನೋಡಿರಲಿಲ್ಲ.” ಆಮೇಲೆ, ಬೇಡಿ ಹಾಕುತ್ತಿರುವಾಗ, ಸಣ್ಣ ದನಿಯಲ್ಲಿ ಕೇಳಿದ. “ಆ ಶಾಟ್‌ಗೆ ಜನ ಏನಂದರು ಸಾರ್?”

ದುರ್ಗಾಪ್ರಸಾದ್‌ಗೆ ಬೆಳಗಿನ ಆಟದ ಪುಟ ನೆನಪಿತ್ತು.

“ಏನೂ ಅನ್ನಲಿಲ್ಲ. ಸೋಡಾ ಕುಡಿಯುತ್ತಿದ್ದರು.”

* * *

ಸರ್ಕಲ್ ಇನ್‌ಸ್ಪೆಕ್ಟರ್ ಫೈಲನ್ನು ಪೂರ್ತಿ ಓದಿ ಕನ್ನಡಕ ತೆಗೆದರು. ‘ನೀ ಸಿನಿಮಾ’ ಹೇಗೆ ‘ನಿನ್ನ ಸಿನಿಮಾ’ ಆಯಿತು ಎಂದು ಕೇಳಿದರು. ದುರ್ಗಾಪ್ರಸಾದ್ ಇದ್ದದ್ದು ಇದ್ದ ಹಾಗೆ ಹೇಳಿದ. ಅವರು, ಭಾಷೆ ಬಾರದ ಸಾಕ್ಷಿ ತಪ್ಪಾಗಿ ಕೇಳಿಸಿಕೊಂಡಳು ಎಂದು ಬರೆದುಬಿಡಿ, ನಿಮ್ಮ ಪ್ರಮೋಷನ್ ಹತ್ತಿರ ಇದೆ ಎಂದರು. ದುರ್ಗಾಪ್ರಸಾದ್ ಅವರು ಹೇಳಿದ ಹಾಗೇ ಬರೆದು ಸಹಿ ಹಾಕಿದ. ವಿಜಯಲಕ್ಷ್ಮಿಯವರಿಗೆ ತೆಲುಗು ಓದಲು ಬರುವುದಿಲ್ಲ, ಅದೊಂದು ಅನುಕೂಲವಾಯಿತು.

ಗುರುವಾರ ಶ್ರೀಕಂಠನನ್ನು ಬಿಟ್ಟರು. ಅದೇ ದಿನ ಪೇಪರಿನಲ್ಲಿ ನಿಜವಾದ ಕೊಲೆಗಾರನ ಸುದ್ದಿ ಬಂತು. ಮ್ಯಾಟಿನಿ ಬಿಟ್ಟಾಗ ದುರ್ಗಾಪ್ರಸಾದ್ ಥಿಯೇಟರಿನ ಎದುರಿನ ಟೀ ಅಂಗಡಿಯಲ್ಲಿದ್ದ. ಹೌಸ್‌ಫುಲ್ ಬೋರ್ಡು ಒಳಗೆ ಹೋಗಿತ್ತು. ಹೊರಗೆ ಬಂದ ಜನರ ಮಾತು ಕಿವಿಗೆ ಬೀಳುತ್ತಿತ್ತು. ನಿರ್ದೇಶಕ ಕೊಂದಿಲ್ಲವಂತೆ, ಯಾರೋ ಫೋಟೋದವನಂತೆ, ಇಷ್ಟೇನಾ, ಎಂದು ಒಬ್ಬ ಪೆಚ್ಚಾಗಿ ಹೇಳಿದ. ಇದಕ್ಕಿಂತ ಆ ಖಾಲಿ ಫೈಲೇ ವಾಸಿಯಾಗಿತ್ತು ಎಂದ ಇನ್ನೊಬ್ಬ. ಒಂಬತ್ತನೇ ರೀಲಿನ ಫೋಟೋ ತೆಗೆದುಹಾಕಿ ಎಂದು ಶ್ರೀಕಂಠ ಬೆಳಗ್ಗೆಯೇ ಹಂಚಿಕೆದಾರರನ್ನು ಬೇಡಿಕೊಂಡಿದ್ದ. ಇನ್ನು ಜನ ಬಂದರೆ ಅದನ್ನು ನೋಡಲೇ ಬರುತ್ತಾರೆ ಎಂದು ಅವರು ಒಪ್ಪಿರಲಿಲ್ಲ.

ಶ್ರೀಕಂಠ ಕೈಯಲ್ಲಿ ಸೂಟ್‌ಕೇಸ್ ಹಿಡಿದು ಅಂಗಳದಲ್ಲಿ ತನ್ನದೇ ಪೋಸ್ಟರನ್ನು ನೋಡುತ್ತ ನಿಂತಿದ್ದ. ಸಂಜೆಯ ರೈಲಿಗೆ ಮದ್ರಾಸಿಗೆ ಹೊರಟವನು. ದುರ್ಗಾಪ್ರಸಾದ್ ರಸ್ತೆ ದಾಟಿ ಹೋಗಿ ಅವನ ಪಕ್ಕದಲ್ಲಿ ನಿಂತ. ಸೋಮವಾರ ಲಾಕಪ್ಪಿನಲ್ಲಿ ಆಡದೆ ಬಿಟ್ಟ ಮಾತನ್ನು ಕೊನೆಗೂ ಹೇಳಿದ.

“ನನ್ನಿಂದ ತಪ್ಪಾಯಿತು. ಕ್ಷಮಿಸಿ.”

ಶ್ರೀಕಂಠ ಪೋಸ್ಟರನ್ನೇ ನೋಡುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ ಪಕ್ಕದಲ್ಲಿ ಯಾರೋ ಇದ್ದಾರೆಂದು ತಿಳಿದು ತಿರುಗಿದ. ಗುರುತು ಹಿಡಿದ. ಅವನ ಮುಖದಲ್ಲಿ ಸಿಟ್ಟೂ ಇರಲಿಲ್ಲ.

“ಏನಾದರೂ ಹೇಳಿದಿರಾ ಸಾರ್? ಆ ಕಿವಿ ಹೋಗಿದೆ ಅಂತಾರೆ ಡಾಕ್ಟರು. ಈ ಕಡೆ ಬಂದು ಹೇಳಿ.”

ದುರ್ಗಾಪ್ರಸಾದ್ ಬಳಸಿಕೊಂಡು ಬಲಗಡೆಗೆ ಬಂದ. ಶ್ರೀಕಂಠ ತಲೆ ಬಗ್ಗಿಸಿ ಕಿವಿ ಕೊಟ್ಟು ಕಾದ. ಜನ ಸುತ್ತ ನಿಂತು ನೋಡುತ್ತಿದ್ದರು.

“ಏನಿಲ್ಲ,” ಎಂದ ದುರ್ಗಾಪ್ರಸಾದ್. “ಟೀ ಕುಡಿಯುತ್ತೀರಾ ಅಂತ ಕೇಳಿದೆ.”